ಸರ್ವರ್‌ಗೆ ಹಚ್ಚಿದ ಅಂಜನ

ಈಗಲೇ ಹೇಳಿಬಿಡಲೇ? ಅಥವಾ ಇನ್ನೈದು ನಿಮಿಷ ಬಿಟ್ಟು ಹೇಳಲೇ? ಆದರೆ ಇನ್ನೈದು ನಿಮಿಷದಲ್ಲಿ ಭಾವ ಗುಂಡಿ ಒತ್ತಿಬಿಟ್ಟಿರುತ್ತಾರೆ. ಒತ್ತಿದ ಮೇಲೆ ಹೇಳುವುದಕ್ಕೂ ಹೇಳದೇ ಇರುವುದಕ್ಕೂ ಏನು ವ್ಯತ್ಯಾಸ? ಇಷ್ಟಕ್ಕೂ ನಾನು ಹೇಳಬೇಕೆಂದಿರುವುದು ಯಂತ್ರದ ಬಗ್ಗೆಯೋ, ಯಜಮಾನರ ಬಗ್ಗೆಯೋ? ಯಂತ್ರದ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಯಜಮಾನರ ಬಗ್ಗೆ ಹೇಳಿದರೆ...

"ಕಾಂತು! ನಿಂತಲ್ಲೇ ಕನಸು ಕಾಣ್ಬೇಡ. ಆ ವೈರು ಎತ್ಕೊಡೋ!" ಎಂದರು ಭಾವ.

ಎತ್ತಿಕೊಟ್ಟೆ. ನನ್ನ ಬಹಳಷ್ಟು ನಿರ್ಧಾರಗಳು ಹೀಗೆಯೇ ಮುಗಿಯುತ್ತವೆ.

ಸೋಪಾನ ಲಿಫ್ಟ್ಸ್ ಎಂಬುದು ಮೈಸೂರಿನ ಹೊರವಲಯದಲ್ಲಿರುವ ಕಂಪನಿ. ಲಿಫ್ಟ್ ಮಾಡುವವರು ಮೆಟ್ಟಿಲಿನ ಹೆಸರಿಟ್ಟುಕೊಂಡಿದ್ದಾರಲ್ಲ ಎಂದು ಯಾರಿಗೂ ಅನ್ನಿಸಿಲ್ಲ. ಅನ್ನಿಸಿದ್ದರೂ ಯಾರೂ ಹೇಳಿಲ್ಲ. ನನ್ನ ಅಕ್ಕನ ಗಂಡ ನಂಜರಾಜ ಅರಸ್ ಅಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಗೋಡೆ ನೋಡುತ್ತ ಕೂತಿದ್ದ ನನ್ನನ್ನು ಅಲ್ಲಿಗೆ ಸೇರಿಸಿದವರು ಅವರೇ. ಲಿಫ್ಟನ್ನು ಬಳಸುವ ಬಗೆಯನ್ನು ಕನ್ನಡದಲ್ಲಿ ಬರೆದುಕೊಡುವುದು ನನ್ನ ಕೆಲಸ. 'ಬಾಗಿಲು ಮುಚ್ಚುವವರೆಗೆ ಕಾಯಿರಿ' ಎಂಬ ಒಂದು ವಾಕ್ಯದ ಮುಂದೆ ಇಡೀ ಮಧ್ಯಾಹ್ನ ಸುಮ್ಮನೆ ಕೂತದ್ದುಂಟು.

ನಮ್ಮ ಕಂಪನಿಯಲ್ಲೊಂದು ಪದ್ಧತಿ ಇದೆ. ಯಾರೂ ಯಾವ ಕಾಗದದ ಮೇಲೂ 'ಆಗಲ್ಲ' ಎಂದು ಬರೆಯುವಂತಿಲ್ಲ. ಕಂಪನಿ ಕಟ್ಟಿದ ದೊಡ್ಡ ಯಜಮಾನರ ಕಟ್ಟಪ್ಪಣೆ ಅದು. 'ಆಗಲ್ಲ' ಎನ್ನುವವರು ಮಾಡಿದ ಲಿಫ್ಟನ್ನು ಯಾರಾದರೂ ನಂಬಿ ಹತ್ತುತ್ತಾರೆಯೇ ಎಂಬುದು ಅವರ ವಾದವಾಗಿತ್ತು. ಈಗ ಅವರ ಮಗ ಫಾಲಾಕ್ಷಯ್ಯನವರು ಯಜಮಾನರು. ಬೋನಸ್ ಕೇಳಿದರೆ 'ನೋಡೋಣ' ಎಂದು ಬರೆಯುತ್ತಾರೆ. ಕ್ಯಾಂಟೀನಿಗೆ ಫ್ಯಾನು ಕೇಳಿದರೆ 'ಗಮನಿಸಲಾಗಿದೆ'. ರಜೆ ಕೇಳಿದರೆ 'ಸೂಕ್ತ ಸಮಯದಲ್ಲಿ'. ಈ ಕಾಗದಗಳನ್ನೆಲ್ಲ, ಲಿಫ್ಟಿನ ಡ್ರಾಯಿಂಗುಗಳ ಜೊತೆಗೇ, ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ಕಂಪನಿಯ ಒಳಗಿನ ಸರ್ವರ್‌ಗೆ ಹಾಕುತ್ತಾರೆ.

ಭಾವ ವರ್ಷ ವರ್ಷವೂ ಒಂದು ಅರ್ಜಿ ಕೊಡುತ್ತಿದ್ದರು: ಕಂಪನಿಯಲ್ಲೊಂದು ಸಂಶೋಧನಾ ವಿಭಾಗ ತೆರೆಯಬೇಕು, ಅದನ್ನು ತಮಗೆ ವಹಿಸಬೇಕು. ವರ್ಷ ವರ್ಷವೂ ಯಜಮಾನರು ಅದರ ಮೇಲೆ 'ನೋಡೋಣ' ಎಂದು ಬರೆಯುತ್ತಿದ್ದರು. ಉಳಿದವರು ಆ ಪದ ಕಂಡ ಕೂಡಲೇ ಆಸೆ ಬಿಟ್ಟು, ಮನೆಗೆ ಹೋಗಿ ನಾಲ್ಕು ಬೈಗುಳ ಬೈದು ಮಲಗುತ್ತಿದ್ದರು. ಅದನ್ನು ನಿಜವೆಂದು ನಂಬಿದವರು ಇಡೀ ಕಂಪನಿಯಲ್ಲಿ ಭಾವ ಒಬ್ಬರೇ! "ನೋಡ್ತೀನಿ ಅಂದಿದ್ದಾರಲ್ಲೇ" ಎಂದು ಅಕ್ಕನಿಗೆ ಹೇಳಿ ವಿಭಾಗಕ್ಕೆ ಬೋರ್ಡನ್ನೂ ಬರೆಸಿಟ್ಟಿದ್ದರು. ಈ ಯಂತ್ರ ನೋಡಿದ ಮೇಲೆ ಯಜಮಾನರು ಸಹಿ ಹಾಕಿಯೇ ಹಾಕುತ್ತಾರೆ ಎಂಬುದು ಅವರ ನಂಬಿಕೆ. ಆ ನಂಬಿಕೆ ಮುರಿದರೆ ಭಾವ ಮತ್ತೆ ಒಂದು ಸ್ಕ್ರೂ ಕೂಡ ತಿರುಗಿಸಲಾರರು ಎಂಬುದು ನನ್ನ ಹೆದರಿಕೆ.

ಮೀಟಿಂಗ್ ಹಾಲಿನ ಮೇಜಿನ ಮೇಲೆ ಯಂತ್ರ ಕೂತಿತ್ತು. ಹಳೆಯ ತಗಡಿನ ಟ್ರಂಕು. ಒಳಗೆ ಯಾವ್ಯಾವುದೋ ಕ್ಯಾಮೆರಾಗಳಿಂದ ಕಿತ್ತ ಗಾಜುಗಳು, ವೈರಿನ ಗೋಜಲು. ಹೊರಗೆ, ಸೀಲಿಂಗ್ ಫ್ಯಾನಿನ ಒಂದು ರೆಗ್ಯುಲೇಟರ್, ಒಂದರಿಂದ ಐದರವರೆಗೆ.

"ಇದರ ಹೆಸರು ಅಂಜನ!" ಎಂದು ಭಾವ ಎದೆಯುಬ್ಬಿಸಿ ಹೇಳಿದರು. "ಹಿಂದಿನವರು ಒಡವೆ ಕಳೆದ್ರೆ ಅಂಜನ ಹಾಕಿಸಿ ನೋಡ್ತಿರ್ಲಿಲ್ವಾ? ಇದು ಕಾಗದ ಕಳ್ಕೊಂಡವರಿಗೆ!"

"ಕಳ್ಕೊಂಡಿರೋದೇನ್ರೀ ಅರಸ್ ಅವ್ರೇ? ಎಲ್ಲಾ ಪಿಡಿಎಫ್ ಆಗಿ ಸರ್ವರಲ್ಲೇ ಇದೆಯಲ್ಲ" ಎಂದರು ಸ್ಟೋರ್ಸ್ ಮ್ಯಾನೇಜರ್ ಗುರುಬಸಪ್ಪ.

"ಇದೆ. ಎಲ್ಲಿದೆ? 'ಬ್ರೇಕ್' ಅಂತ ಹುಡುಕಿ ನೋಡೋಣ."

ಗುರುಬಸಪ್ಪ ಹುಡುಕಿದರು. ಲಿಫ್ಟ್ ಕಂಪನಿಯ ಸರ್ವರಿನಲ್ಲಿ ಬ್ರೇಕ್ ಎಂಬ ಪದ ಒಂದು ಕಡೆಯೂ ಸಿಗಲಿಲ್ಲ!

"ನಾವು ಹಾಕಿರೋದು ಕಾಗದದ ಫೋಟೋ ಸ್ವಾಮಿ! ಕಂಪ್ಯೂಟರ್‌ಗೆ ಅದು ಬರೀ ಕಪ್ಪು ಬಿಳಿ ಚುಕ್ಕಿ. ಗೋಡೆ ಮೇಲಿರೋ ತಾತನ ಫೋಟೋ ನೋಡ್ಕೊಂಡು 'ತಾತಾ' ಅಂತ ಕೂಗಿದ್ರೆ ಓಗೊಡುತ್ತಾ?"

"ನಮ್ ತಾತ ಬದುಕಿದ್ದಾಗ್ಲೂ ಓಗೊಡ್ತಿರ್ಲಿಲ್ಲ" ಎಂದರು ಅಕೌಂಟ್ಸಿನ ಮಾರ್ಗರೆಟ್ ಮೇಡಂ.

"ಸಾಲದ್ದಕ್ಕೆ ನೀವೆಲ್ಲ ಫೈಲಿಗೆ ಇಡೋ ಹೆಸರೋ! 'ಹೊಸದು', 'ಹೊಸದು ಹೊಸದು', 'ಫೈನಲ್', 'ನಿಜವಾದ ಫೈನಲ್', 'ಇದೇ ನೋಡಿ'. ಯಾವುದನ್ನ ಅಂತ ತೆಗೆಯೋದು? ನನ್ನ ಅಂಜನ ಒಂದೊಂದು ಫೋಟೋನೂ ಕಣ್ಣಿಟ್ಟು ಓದಿ, ಅದರೊಳಗಿರೋ ಅಕ್ಷರಾನೆಲ್ಲಾ ಬರ್ಕೊಳ್ಳುತ್ತೆ. ಆಮೇಲೆ ನೀವು ಕರೆದ್ರೆ ಓಗೊಡುತ್ತೆ!"

ಗುಂಡಿ ಒತ್ತಿದರು. ಟ್ರಂಕು ಹಸಿದ ಹೊಟ್ಟೆಯಂತೆ ಗುರುಗುಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಗುರುಬಸಪ್ಪ ಮತ್ತೆ 'ಬ್ರೇಕ್' ಎಂದು ಒತ್ತಿದರು. ಪರದೆ ತುಂಬ ಡ್ರಾಯಿಂಗುಗಳು! ಹಾಲಿನಲ್ಲಿ ಚಪ್ಪಾಳೆ!

"ನಮ್ಮ ತಂದೆಯವರು ಪೆನ್ಸಿಲಲ್ಲಿ ಬರೆದ ಮೊದಲನೇ ಲಿಫ್ಟಿನ ಡ್ರಾಯಿಂಗ್ ಸಿಗುತ್ತಾ?" ಎಂದು ಫಾಲಾಕ್ಷಯ್ಯನವರು ಮೆಲ್ಲಗೆ ಕೇಳಿದರು.

ಸಿಗಲಿಲ್ಲ. ಪೆನ್ಸಿಲು ಅಷ್ಟು ಮಾಸಿಹೋಗಿತ್ತು. ಭಾವ ಹುಬ್ಬು ಗಂಟಿಕ್ಕಿ, ರೆಗ್ಯುಲೇಟರನ್ನು ಎರಡರಿಂದ ಐದಕ್ಕೆ ತಿರುಗಿಸಿದರು. ಟ್ರಂಕು ಒಮ್ಮೆ ನಡುಗಿತು. ಡ್ರಾಯಿಂಗು ಬಂತು! ಯಜಮಾನರ ಕಣ್ಣಲ್ಲಿ ನೀರು. "ಭೇಷ್ ಅರಸ್ ಅವ್ರೇ!"

"ಸರ್, ಹಾಗಾದ್ರೆ ನನ್ನ ಸಂಶೋಧನಾ ವಿಭಾಗ..."

"ನೋಡೋಣ" ಎಂದರು ಯಜಮಾನರು.

ಭಾವ ನನ್ನ ಕಡೆ ತಿರುಗಿ ಗೆದ್ದವರಂತೆ ನಕ್ಕರು. ನಾನು ನೆಲ ನೋಡಿದೆ.

ಊಟದ ಹೊತ್ತಿಗೆ ಭಾವ ಟ್ರಂಕನ್ನು ಸರ್ವರ್ ಕೋಣೆಗೆ ಸಾಗಿಸಿ, ಎಲ್ಲರ ಕಂಪ್ಯೂಟರಿಗೂ ಸೇರಿಸಿಬಿಟ್ಟರು. ಮಧ್ಯೆ ಕರೆಂಟು ಹೋದರೆ ಎಂದು ಅದಕ್ಕೆ ಲಿಫ್ಟಿನ ತುರ್ತು ಬ್ಯಾಟರಿಯನ್ನೇ ಜೋಡಿಸಿದರು. ಆ ಬ್ಯಾಟರಿಗೆ ಸ್ವಿಚ್ಚೇ ಇರುವುದಿಲ್ಲ. ಲಿಫ್ಟಿನೊಳಗೆ ಜನ ಸಿಕ್ಕಿಕೊಂಡಿರುವಾಗ ಯಾರೂ ಆರಿಸಬಾರದು ಎಂದು ಅದನ್ನು ಹಾಗೆ ಮಾಡಿರುತ್ತಾರೆ. ಲಿಫ್ಟಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಹೊಳೆಯದ ಬುದ್ಧಿವಂತಿಕೆ ಅದು!

ಮೊದಲು ಚೀರಿದವರು ಮಾರ್ಗರೆಟ್ ಮೇಡಂ.

"ಗುರುಬಸಪ್ಪನೋರೇ, ಬನ್ನಿ ಇಲ್ಲಿ! ಕ್ರಿಕೆಟ್ ಟೀಮಿನ ಫೋಟೋ ಎಲ್ಲಿದೆ ಅಂತ 'ಕ್ರಿಕೆಟ್' ಅಂತ ಹುಡುಕಿದೆ. ನಿಮ್ಮ ರಜಾ ಚೀಟಿಗಳು ಬರ್ತಿವೆ!"

"ರಜಾ ಚೀಟೀನಾ? ಅದರಲ್ಲಿ ಕ್ರಿಕೆಟ್ ಎಲ್ಲಿದೆ? ಓದಿ, 'ತೀವ್ರ ಜ್ವರದ ನಿಮಿತ್ತ' ಅಂತ ಬರೆದಿದ್ದೀನಿ."

"ನೀವು ಜ್ವರ ಅಂತ ಬರೆದಿದ್ದೀರಿ. ಯಂತ್ರ ಕ್ರಿಕೆಟ್ ಅಂತ ಓದಿದೆ! ಎಲ್ಲಾ ಚೀಟೀನೂ ಮ್ಯಾಚ್ ಇದ್ದ ದಿನದ್ದೇ!"

ಗುರುಬಸಪ್ಪನ ಮುಖ ಇಳಿದುಹೋಯಿತು. ಸುಮ್ಮನಿರುವ ಬದಲು ಅವರೂ ಕೀಬೋರ್ಡ್ ಎಳೆದುಕೊಂಡು 'ಜಗಳಗಂಟಿ' ಎಂದು ಒತ್ತಿದರು. ಬೇರೆ ಬೇರೆ ವಿಭಾಗಗಳಿಂದ ಅಕೌಂಟ್ಸಿಗೆ ಹೋದ ಪತ್ರಗಳು ಸಾಲುಸಾಲಾಗಿ ಬಂದವು. ಪ್ರತಿಯೊಂದರಲ್ಲೂ 'ಮಾನ್ಯ ಮಾರ್ಗರೆಟ್ ಅವರಿಗೆ' ಎಂಬಲ್ಲಿನ 'ಮಾನ್ಯ' ಎಂಬ ಪದದ ಮೇಲೆ ಹಳದಿ ಗುರುತು!

ಅರ್ಧ ಗಂಟೆಯಲ್ಲಿ ಸೋಪಾನ ಲಿಫ್ಟ್ಸಿನಲ್ಲಿ ಕೆಲಸ ನಿಂತಿತು. ಎಲ್ಲರೂ ಹುಡುಕುತ್ತಿದ್ದರು. 'ಜಿಪುಣ' ಎಂದು ಒತ್ತಿದರೆ 'ಪೂಜ್ಯ ಯಜಮಾನರೇ' ಎಂದು ಶುರುವಾಗುವ ಅರ್ಜಿಗಳೆಲ್ಲ ಬರುತ್ತಿದ್ದವು. 'ಬೇಡದ ಮದುವೆ' ಎಂದು ಒತ್ತಿದರೆ, ಮದುವೆಗೆ ಮುಂಗಡ ಕೇಳಿದ ಮೂವರ ಚೀಟಿಗಳು. ಅವರಲ್ಲಿ ಒಬ್ಬನ ಹೆಂಡತಿ ಪ್ಯಾಕಿಂಗ್‌ನಲ್ಲಿ ಕೆಲಸ ಮಾಡುತ್ತಾಳೆ! ಕೊನೆಗೆ ಯಾರೋ 'ಆಗಲ್ಲ' ಎಂದು ಒತ್ತಿದರು. ಕಂಪನಿ ಶುರುವಾದಾಗಿನಿಂದ ಯಾರೂ ಬರೆಯದ ಆ ಪದಕ್ಕೆ ಸಾವಿರಾರು ಕಾಗದಗಳು ಉರುಳಿಕೊಂಡು ಬಂದವು. ಎಲ್ಲವುಗಳ ಮೇಲೂ ಯಜಮಾನರ ದುಂಡನೆಯ ಅಕ್ಷರದಲ್ಲಿ 'ನೋಡೋಣ'.

ನಾನು ಸರ್ವರ್ ಕೋಣೆಗೆ ಓಡಿದೆ.

"ಭಾವ, ನಿಲ್ಲಿಸಿ! ಕಾಗದದಲ್ಲಿ ಇಲ್ಲದ್ದನ್ನ ಓದ್ತಾ ಇದೆ!"

ಭಾವ ಟ್ರಂಕಿಗೆ ಕಿವಿಯಿಟ್ಟು ಕೂತಿದ್ದರು. ಮುಖದಲ್ಲಿ ಬೆಳಕು. "ಇಲ್ಲದ್ದಲ್ಲ ಕಣೋ, ಇರೋದನ್ನೇ! ಪೆನ್ನು ಎಲ್ಲಿ ಒತ್ತಿದೆ, ಎಲ್ಲಿ ನಿಂತಿದೆ, ಎಲ್ಲಿ ನಡುಗಿದೆ, ಎಲ್ಲಾ ಓದ್ತಾ ಇದೆ. ಮನಸ್ಸಿಗೆ ಬಂದು ಬರೆಯದೇ ಬಿಟ್ಟದ್ದೂ ಸ್ವಲ್ಪ ಕೈಗೆ ಇಳಿದಿರುತ್ತೆ. ಐದರಲ್ಲಿಟ್ರೆ ಅದೂ ಕಾಣ್ಸುತ್ತೆ. ನಾನೇ ಅಂದ್ಕೊಂಡಿರ್ಲಿಲ್ಲ!"

"ಹಾಗಾದ್ರೆ ಎರಡಕ್ಕೆ ಇಳಿಸಿ!"

ಭಾವ ತಿರುಗಿಸಿದರು. ರೆಗ್ಯುಲೇಟರಿನ ಬಿರಡೆ ಕೈಗೆ ಬಂತು. ಯಂತ್ರ ಐದರಲ್ಲೇ ಉಳಿಯಿತು!

"ವೈರು ಕೀಳಿ!"

"ತುರ್ತು ಬ್ಯಾಟರಿ ವೈರನ್ನ ಯಾರಾದ್ರೂ ಕೀಳ್ತಾರೇನೋ? ಬೀಗ ಬಿದ್ದಿದೆ. ತಾನಾಗೇ ಖಾಲಿಯಾಗ್ಬೇಕು. ಸಾಯಂಕಾಲದವರೆಗೆ ಬರತ್ತೆ. ಒಳ್ಳೇ ಬ್ಯಾಟರಿ" ಎಂದರು ಹೆಮ್ಮೆಯಿಂದ.

ಅಷ್ಟರಲ್ಲಿ ಸರ್ವರಿನಲ್ಲಿದ್ದ ಪಿಡಿಎಫ್‌ಗಳೆಲ್ಲ ಮುಗಿದವು. ಮುಗಿದ ಮೇಲೆ ಯಂತ್ರ ಸುಮ್ಮನಾಗುತ್ತದೆಂದು ಭಾವಿಸಿದ್ದೆ. ಆದರೆ ಅದಕ್ಕೆ ತಿಳಿದಿದ್ದು ಒಂದೇ ಕೆಲಸ: ಫೋಟೋ ಕಂಡರೆ ಓದುವುದು. ಸರ್ವರಿನ ತಂತಿಯ ಇನ್ನೊಂದು ತುದಿಯಲ್ಲಿ ಕಂಪನಿಯ ಕಾವಲು ಕ್ಯಾಮೆರಾಗಳಿದ್ದವು. ಕಾಗದದ ಫೋಟೋ ಆದರೇನು, ಮನುಷ್ಯರ ಮುಖದ ಫೋಟೋ ಆದರೇನು?

ನಮ್ಮ ಲಿಫ್ಟುಗಳಲ್ಲಿ ಮಹಡಿಯ ಹೆಸರು ಹೇಳುವ ಒಂದು ಹೆಣ್ಣು ದನಿ ಇದೆ. ಬಹಳ ವಿನಯದ ದನಿ. ಅದರ ಸ್ಪೀಕರುಗಳು ಪ್ರತಿ ಮಹಡಿಯಲ್ಲೂ ಇವೆ, ಅವೂ ಅದೇ ತಂತಿಗೆ ಸೇರಿವೆ. ಆ ದನಿ ಈಗ ಇಡೀ ಕಂಪನಿಗೆ ಕೇಳುವಂತೆ ಹೇಳಿತು:

"ಎರಡನೇ ಮಹಡಿ. ಗುರುಬಸಪ್ಪ. ಪುಟ ಒಂದು. ಇವತ್ತಿನ ಉಪ್ಪಿಟ್ಟು ಬಾಯಿಗಿಡಲಾಗಲಿಲ್ಲ. ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡೆ."

ಕಾರಿಡಾರಿನಲ್ಲಿ ಹೋಗುತ್ತಿದ್ದ ಗುರುಬಸಪ್ಪ ಹಾವು ತುಳಿದವರಂತೆ ಹಾರಿದರು. ಕ್ಯಾಂಟೀನಿನ ಬಾಗಿಲಲ್ಲಿ ಸೌಟು ಹಿಡಿದು ಒಬ್ಬ ಪ್ರತ್ಯಕ್ಷನಾದ!

"ಎರಡನೇ ಮಹಡಿ. ಮಾರ್ಗರೆಟ್. ಪುಟ ಒಂದು. ಗುರುಬಸಪ್ಪನವರ ತಲೆಯ ಮೇಲಿನದು ವಿಗ್ ಎಂದು ಎಲ್ಲರಿಗೂ ಗೊತ್ತು. ಗುರುಬಸಪ್ಪನವರಿಗೆ ಅದು ಗೊತ್ತಿಲ್ಲ."

"ಮೇಡಂ!!"

"ಅಯ್ಯೋ ನಾನು ಬಾಯೇ ಬಿಟ್ಟಿಲ್ಲ ಕಣ್ರೀ!"

"ಬಾಯಿ ಬಿಡದಿದ್ರೂ ಊರಿಗೆಲ್ಲ ಸಾರ್ತೀರಲ್ರೀ!"

ಜನ ಮುಖ ಮುಚ್ಚಿಕೊಂಡು ಓಡತೊಡಗಿದರು. ಸಿಕ್ಕಿದ ಫೈಲು, ಹೆಲ್ಮೆಟ್ಟು, ಕ್ಯಾಂಟೀನಿನ ತಟ್ಟೆ, ಬಕೆಟ್ಟು. ಹೆಲ್ಮೆಟ್ ಹಾಕಿಕೊಂಡ ಇಬ್ಬರು ಡಿಕ್ಕಿ ಹೊಡೆದುಕೊಂಡು, ಒಬ್ಬರಿಗೊಬ್ಬರು "ಪರವಾಗಿಲ್ಲ, ಪರವಾಗಿಲ್ಲ" ಎಂದರು. ಅದು ಎಷ್ಟು ಸುಳ್ಳೆಂದು ಹೇಳಲು ಯಂತ್ರಕ್ಕೆ ಮುಖ ಕಾಣಲಿಲ್ಲ, ಅಷ್ಟೇ. ಇಷ್ಟು ವರ್ಷ ನಾನು ಆ ಕಟ್ಟಡದಲ್ಲಿ ಇಷ್ಟಪಟ್ಟಿದ್ದು ಮಾತುಗಳ ನಡುವಿನ ಮೌನವನ್ನು. ಅದರೊಳಗೆ ಇಷ್ಟೊಂದು ಸದ್ದು ಇದ್ದೀತೆಂದು ಎಣಿಸಿರಲಿಲ್ಲ.

ಸರ್ವರ್ ಕೋಣೆಯ ಬಾಗಿಲು ದಡಾರನೆ ತೆರೆಯಿತು. ತಲೆಯಿಂದ ಗಲ್ಲದವರೆಗೆ ಟವೆಲು ಸುತ್ತಿಕೊಂಡ ಒಬ್ಬರು ಗೋಡೆ ತಡಕುತ್ತ ಒಳಗೆ ಬಂದರು. ದನಿಯಿಂದ ಯಜಮಾನರೆಂದು ತಿಳಿಯಿತು.

"ಅರಸ್ ಅವ್ರೇ! ಕೈ ಮುಗಿದು ಕೇಳ್ಕೋತೀನಿ, ನಿಲ್ಸಿ!"

"ನಿಲ್ಲುತ್ತೆ ಸರ್, ಸಾಯಂಕಾಲ ತಾನಾಗೇ ನಿಲ್ಲುತ್ತೆ. ಅಷ್ಟರಲ್ಲಿ ಒಂದು ಸಣ್ಣ ಕೆಲಸ" ಎಂದು ಭಾವ ಕೀಬೋರ್ಡ್ ಹತ್ತಿರಕ್ಕೆಳೆದುಕೊಂಡರು. "ಎಲ್ಲರೂ ಅವರವರದ್ದು ನೋಡ್ಕೊಂಡ್ರು. ನಾನೂ ನನ್ನ ಅರ್ಜಿ ನೋಡ್ಕೊಂಡುಬಿಡ್ತೀನಿ. ನೀವು 'ನೋಡೋಣ' ಅಂತ ಬರೆಯೋವಾಗ ಯಾವ ತಿಂಗಳು ಅಂತ ಮನಸ್ಸಲ್ಲಿಟ್ಟುಕೊಂಡಿದ್ರಿ ಅಂತಾದ್ರೂ ಗೊತ್ತಾಗತ್ತೆ."

ಟವೆಲಿನೊಳಗಿಂದ ನರಳಿದ ಸದ್ದು ಬಂತು. "ಬೇಡ ಅರಸ್ ಅವ್ರೇ! ಅದೊಂದು ಬೇಡ!"

"ಯಾಕೆ ಸರ್ ಸಂಕೋಚ? ನಾನೇನು ಹೊರಗಿನವನಾ?"

"ಭಾವ, ಬೇಡ" ಎಂದೆ ನಾನು. ನನ್ನ ದನಿ ನನಗೇ ಕೇಳಿಸಲಿಲ್ಲ.

ಭಾವ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. 'ನಂಜರಾಜ ಅರಸ್. ಸಂಶೋಧನಾ ವಿಭಾಗ.' ಪರದೆಯ ಮೇಲಿನ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಆಗ ಟ್ರಂಕಿನಿಂದ ಚಿಟಿಲ್ ಎಂದು ಒಂದು ಕಿಡಿ ಹಾರಿತು. "ಅಯ್ಯೋ ನನ್ನ ಕಂದ!" ಎಂದು ಭಾವ ಅದರ ಕಡೆಗೆ ಬಗ್ಗಿದರು. ಅದೇ ಕ್ಷಣ ಪರದೆಯ ಮೇಲೆ ಒಂದು ಸಾಲು ಮೂಡಿತು. ನಾನು ಓದಿದೆ.

ಸ್ಪೀಕರಿನ ದನಿ ಗಂಟಲು ಸರಿಮಾಡಿಕೊಂಡಿತು: "ಫಾಲಾಕ್ಷಯ್ಯ. ನಂಜರಾಜ ಅರಸರ ಅರ್ಜಿ. ಪುಟ ಒಂದು..."

ಆಗ ನಾನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಯೋಚಿಸಿದ್ದರೆ ಮಾಡುತ್ತಲೇ ಇರಲಿಲ್ಲ. ಕುರ್ಚಿ ಹತ್ತಿ, ಮೂಲೆಯಲ್ಲಿದ್ದ ಕಾವಲು ಕ್ಯಾಮೆರಾದ ಗಾಜಿಗೆ ಮೂಗು ತಾಗುವಂತೆ ನನ್ನ ಮುಖ ಹಿಡಿದೆ.

ದನಿ ತಡವರಿಸಿತು. ಹೊಸ ಮುಖ ಕಂಡಾಗ ಹಳೆಯ ಪುಟ ಬಿಡುವುದು ಅದರ ಸ್ವಭಾವ.

"ಕಾಂತರಾಜು. ಪುಟ ಒಂದು. ಲಿಫ್ಟ್ ಕಂಪನಿಗೆ ಸೋಪಾನ ಎಂದು ಯಾಕೆ ಹೆಸರಿಟ್ಟಿರಿ ಎಂದು ಕೇಳಬೇಕೆಂದಿದ್ದೆ. ಪುಟ ಎರಡು. ಕೇಳಲಿಲ್ಲ. ಪುಟ ಮೂರು. ಯಾಕೆ ಕೇಳಲಿಲ್ಲ. ಪುಟ ನಾಲ್ಕು. ಯಾಕೆ ಕೇಳಲಿಲ್ಲ ಎಂಬುದರ ಮುಂದುವರಿಕೆ."

ಭಾವ ತಲೆಯೆತ್ತಿ ನೋಡುವಷ್ಟರಲ್ಲಿ ಪರದೆ ತುಂಬ ನನ್ನ ಹೆಸರೇ! ಸಾಲುಗಳು ಪ್ರವಾಹದಂತೆ ಮೇಲೇರುತ್ತಿದ್ದವು.

"ಏನೋ ಕಾಂತು ಇದು? ಇಷ್ಟೊಂದು ಎಲ್ಲಿಟ್ಟಿದ್ಯೋ?"

"ಗೊತ್ತಿಲ್ಲ ಭಾವ" ಎಂದೆ.

"ಪುಟ ನೂರಾ ಆರು" ಎಂದಿತು ಸ್ಪೀಕರು. "ಗೊತ್ತು."

ಹೊರಗೆ ಓಡುತ್ತಿದ್ದವರೆಲ್ಲ ಹೆಲ್ಮೆಟ್ಟು, ತಟ್ಟೆಗಳ ಸಮೇತ ನಿಂತು ಕೇಳತೊಡಗಿದರು. ಕಾಲೇಜಿನಲ್ಲಿ ಒಬ್ಬಳಿಗೆ ಹೇಳದೇ ಉಳಿದ ಮಾತು, ಕ್ಷೌರದಂಗಡಿಯಲ್ಲಿ ಮೀಸೆ ಬೇಡವೆನ್ನದೇ ಕೂತದ್ದು, ಅಕ್ಕನ ಮನೆಯ ಹಾಗಲಕಾಯಿ ಗೊಜ್ಜು. "ಆ ಹುಡುಗ ಇಷ್ಟೆಲ್ಲ ಯೋಚ್ನೆ ಮಾಡ್ತಾನಾ? ನಾನು ನಿದ್ದೆ ಹೋಗಿರ್ತಾನೆ ಅಂದ್ಕೊಂಡಿದ್ದೆ!" ಎಂದು ಮಾರ್ಗರೆಟ್ ಮೇಡಂ ಬಾಗಿಲಾಚೆ ಪಿಸುಗುಟ್ಟಿದ್ದು ಕೇಳಿಸಿತು.

ಸರ್ವರಿನ ದೀಪಗಳು ಒಂದೊಂದಾಗಿ ಕೆಂಪಾದವು. ಎಂದೂ ಬಳಲದ ಆ ದನಿ ಜೋಲಿ ಹೊಡೆಯತೊಡಗಿತು. ಪುಟ ಸಂಖ್ಯೆಗಳನ್ನು ಹಾರಿಸಿತು. ಕೊನೆಗೆ, ಜನ ಹೆಚ್ಚಾದಾಗ ನಮ್ಮ ಎಲ್ಲ ಲಿಫ್ಟುಗಳೂ ಹೇಳುವ, ನಾನೇ ಬರೆದುಕೊಟ್ಟಿದ್ದ ವಾಕ್ಯವನ್ನು ಹೇಳಿತು:

"ಭಾರ ಹೆಚ್ಚಾಗಿದೆ. ದಯವಿಟ್ಟು ಒಬ್ಬರು ಕೆಳಗಿಳಿಯಿರಿ."

ಢಬ್! ಟ್ರಂಕಿನ ಮುಚ್ಚಳ ಹಾರಿ ಸೂರಿಗೆ ಬಡಿಯಿತು. ಇಡೀ ಕಟ್ಟಡ ಕತ್ತಲಾಯಿತು. ನಾನು ಕುರ್ಚಿಯಿಂದ ಕೆಳಗಿಳಿದೆ.

ಮಾರನೆಯ ದಿನ ಸರ್ವರ್ ಸರಿಯಾಯಿತು. ಪಿಡಿಎಫ್‌ಗಳಿಗೆ ಏನೂ ಆಗಿರಲಿಲ್ಲ. ಆದರೆ ಅವುಗಳಿಂದ ಯಂತ್ರ ಬರೆದುಕೊಂಡಿದ್ದನ್ನೆಲ್ಲ ನನ್ನ ಪುಟಗಳು ಒತ್ತರಿಸಿ ಹೊರಹಾಕಿದ್ದವು. 'ಬ್ರೇಕ್' ಎಂದು ಹುಡುಕಿದರೆ, 'ಕಾಂತರಾಜು: ಬ್ರೇಕಿನ ಬಗ್ಗೆ ಒಂದು ಮಾತು ಹೇಳಬೇಕೆಂದಿದ್ದೆ' ಎಂದು ಬರುತ್ತದೆ. ಹಗ್ಗ, ರಾಟೆ, ಬೋನಸ್, ಯುಗಾದಿ, ಯಾವುದನ್ನು ಹುಡುಕಿದರೂ ನಾನೇ! ಅಳಿಸಲು ಬಂದವರು ಎರಡು ದಿನ ಓದಿ, ತಲೆ ಹಿಡಿದುಕೊಂಡು ಹೊರಟುಹೋದರು. ಈಗ ಜನ ಹುಡುಕುವ ಕಷ್ಟಕ್ಕೆ ಹೋಗದೆ ನೇರವಾಗಿ ನನ್ನ ಮೇಜಿಗೆ ಬಂದು ಡ್ರಾಯಿಂಗ್ ಎಲ್ಲಿದೆ ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಆ ವಾರವೇ ಯಜಮಾನರು ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಭಾವನ ಅರ್ಜಿ ಇತ್ತು. ಅವರು ಭಾವನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಕಾಂತರಾಜು, ಅವತ್ತು ಆ ಪರದೆ ಮೇಲೆ ಏನಾದ್ರೂ ಓದಿದ್ರಾ?"

"ಇಲ್ಲ ಸರ್."

ಬಹಳ ಹೊತ್ತು ನನ್ನ ಮುಖವನ್ನೇ ದಿಟ್ಟಿಸಿದರು. ಆಮೇಲೆ ಪೆನ್ನು ತೆಗೆದು, ಕಂಪನಿಯ ಇತಿಹಾಸದಲ್ಲೇ ಮೊದಲ ಸಲ 'ಆಗಲಿ' ಎಂದು ಬರೆದು ಸಹಿ ಹಾಕಿದರು. ಹಳೆಯ ಜನರೇಟರ್ ಶೆಡ್ಡು ಸಂಶೋಧನಾ ವಿಭಾಗವಾಯಿತು.

ಹೊರಗೆ ಬಂದ ಕೂಡಲೇ ಅವರು ನನ್ನ ಭುಜ ಹಿಡಿದು ಅಲುಗಾಡಿಸಿದರು. "ನೋಡಿದ್ಯೇನೋ? ನೀವೆಲ್ಲ ನೆಟ್ಟಗೆ ಅರ್ಜಿ ಬರೆಯೋದು ಕಲೀಬೇಕು. ಆ ಮನುಷ್ಯ ಪ್ರತಿ ವರ್ಷ ಅದನ್ನ ಕೂತು ಓದಿದ್ದಾರೆ, ಪೂರ್ತಿ ಅರ್ಥ ಮಾಡ್ಕೊಂಡು ಕೊಟ್ಟಿದ್ದಾರೆ!"

ಪರದೆಯ ಮೇಲೆ ನಾನು ಓದಿದ್ದು ಇಷ್ಟು: 'ಈ ಅರ್ಜಿಯಲ್ಲಿ ನನಗೆ ಒಂದು ಪದವೂ ಅರ್ಥವಾಗಿಲ್ಲ. ಕೇಳಿದರೆ ನನ್ನನ್ನು ದಡ್ಡ ಎಂದುಕೊಳ್ಳುತ್ತಾರೆ.' ಅದನ್ನು ನಾನು ಭಾವನಿಗೆ ಹೇಳಲಿಲ್ಲ.